ಹಾಲೆರೆಸಿಕೊಂಡ ಕಲ್ಲು

“ಅಜ್ಜಾರೇ, ನಿಜವಾದ ಜನರ ಸಂಕಟವನ್ನು ಹಿಂದೆ ನಿಲ್ಲಿಸಿ, ಮುಂದೆ ಹೊಡೆದಾಟ ಆಡಿಸುವ ಸಿನಿಮಾವನ್ನು ಯಾವ ತಕ್ಕಡಿಯಲ್ಲಿ ತೂಗಬೇಕು?” ಎಂದು ಇಂದುಧರ ಕೇಳಿದ.

ಇಂದುಧರ ಒಂದು ವಾರಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುವವನು. ಗುಡ್ಡದ ಮಠದಲ್ಲಿ ಉಂಡು ಓದಿ ಬೆಳೆದವನು. ತಲೆಗೆ ಬಗೆಹರಿಯದ್ದು ಏನೇ ಬಂದರೂ ಮಠದ ಅಜ್ಜಾರ ಮುಂದೆ ಬಂದು ಕೂರುವುದು ಅವನ ರೂಢಿ. ಅಂದು ಅವನ ಜೇಬಿನಲ್ಲಿ ಎರಡು ಹಾಳೆಗಳಿದ್ದವು. ಒಂದರಲ್ಲಿ ಚಿತ್ರವನ್ನು ಹೊಗಳಿ ಅಟ್ಟಕ್ಕೇರಿಸಿದ್ದ. ಇನ್ನೊಂದರಲ್ಲಿ ಅದೇ ಚಿತ್ರದ ಚರ್ಮ ಸುಲಿದಿದ್ದ. ಸಂಜೆಯೊಳಗೆ ಎರಡರಲ್ಲಿ ಒಂದನ್ನು ಪತ್ರಿಕೆಗೆ ಕೊಡಬೇಕಿತ್ತು.

“ಯಾರ ಸಂಕಟ?” ಎಂದರು ಅಜ್ಜಾರು.

“ಇಟ್ಟಿಗೆ ಭಟ್ಟಿಯಲ್ಲಿ ಜೀತಕ್ಕೆ ಬಿದ್ದವರದು. ನಮ್ಮ ಅವ್ವ ಮೂರು ವರ್ಷ ದುಡಿದು ಬಂದಳಲ್ಲ, ಅಂಥದೇ ಭಟ್ಟಿ. ನಾಯಕ ಬರುತ್ತಾನೆ. ಮಾಲೀಕನ ಕಡೆಯವರನ್ನು ಗೋಡೆಗೆ, ಗಿಡಕ್ಕೆ, ಗಾಳಿಗೆ ಎಸೆಯುತ್ತಾನೆ. ಹೊಗಳಿದರೆ ಹೊಡೆದಾಟದ ಹುಚ್ಚ ಅನ್ನುತ್ತಾರೆ. ತೆಗಳಿದರೆ ಬಡವರ ಮೇಲೆ ಕರುಣೆಯಿಲ್ಲದವನು ಅನ್ನುತ್ತಾರೆ. ಅದೂ ಹೋಗಲಿ ಅಂದರೆ, ಕೊನೆಯ ಹೊಡೆದಾಟ ಮುಗಿದ ಮೇಲೂ ಕಾಲು ಗಂಟೆ ಎಳೆದಿದ್ದಾರೆ. ಭಟ್ಟಿಯ ಜನರನ್ನು ಲಾರಿಗೆ ಹತ್ತಿಸಿ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ಅವರವರ ಊರಲ್ಲಿ ಇಳಿಸುತ್ತಾ ಹೋಗುತ್ತಾರೆ. ನಾಯಕ ಡ್ರೈವರನ ಪಕ್ಕ ಸುಮ್ಮನೆ ಕೂತಿರುತ್ತಾನೆ. ಅಂಗೈಗೆ ಸೀರೆಯ ಚೂರು ಸುತ್ತಿಕೊಂಡ ಒಬ್ಬ ಹೆಂಗಸು ತನ್ನ ಮನೆಯ ಬಾಗಿಲು ಗುರುತು ಸಿಗದೆ ನಿಂತುಬಿಡುತ್ತಾಳೆ. ಅವಳನ್ನೇ ಎಷ್ಟು ಹೊತ್ತು ತೋರಿಸುವುದು? ಅರ್ಧ ಟಾಕೀಸು ಎದ್ದು ಹೋಯಿತು.”

“ನೀನು ಚಪ್ಪಾಳೆ ಹೊಡೆದೆಯಾ, ತಮ್ಮಾ?”

“ಹೊಡೆದೆ.”

“ಸಿಳ್ಳೆ?”

ಇಂದುಧರ ತಲೆ ತಗ್ಗಿಸಿದ. ಅವನನ್ನು ಕಾಡುತ್ತಿದ್ದದ್ದು ಅದೇ. ಅವ್ವನ ಸುಟ್ಟ ಅಂಗೈ ನೋಡಿಕೊಂಡು ಬೆಳೆದವನು, ಆ ಸಂಕಟದ ಮುಂದೆ ನಡೆದ ಹೊಡೆದಾಟಕ್ಕೆ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದ್ದ. ಮನೆಗೆ ಬಂದ ಮೇಲೆ ಅವ್ವನ ಮುಖ ನೋಡಲು ನಾಚಿಕೆಯಾಗಿತ್ತು. ವಿಮರ್ಶೆಯ ಮಾತು ನೆಪ ಮಾತ್ರ. ಆ ಸಿಳ್ಳೆ ಅವ್ವನಿಗೆ ಮಾಡಿದ ದ್ರೋಹವೋ ಅಲ್ಲವೋ ಎಂಬುದು ಅವನಿಗೆ ತಿಳಿಯಬೇಕಿತ್ತು.

ಅಜ್ಜಾರು ನಕ್ಕರು. ನಕ್ಕು, ಗೋಡೆಗೆ ಒರಗಿ ಕೂತು, ಈ ಕತೆ ಹೇಳಿದರು.

ದನಗಳ್ಳರ ಕಾಲ ಅದು. ಬೆಟ್ಟದ ಕೆಳಗೆ ಒಂದು ಊರು. ಒಂದು ಬೆಳಿಗ್ಗೆ ಕಳ್ಳರು ಗುಂಪು ಕಟ್ಟಿಕೊಂಡು ಬಂದು ಮೇಯುತ್ತಿದ್ದ ದನಗಳನ್ನೆಲ್ಲ ಬೆಟ್ಟದ ಕಡೆಗೆ ಹೊಡೆದುಕೊಂಡು ಹೋದರು. ಊರ ಗಂಡಸರು ದೂರದ ಹೊಲಗಳಲ್ಲಿದ್ದರು. ಊರ ಕಾವಲು ಕಾಯುವ ತಳವಾರ ಒಬ್ಬನೇ ಈಟಿ ಹಿಡಿದು ಬೆನ್ನಟ್ಟಿದ. ಹಳ್ಳದ ಬಳಿ ಕಳ್ಳರನ್ನು ತಡೆದ, ದನಗಳನ್ನು ಹಿಂದಕ್ಕೆ ತಿರುಗಿಸಿದ. ಮಧ್ಯಾಹ್ನಕ್ಕೆ ದನಗಳೆಲ್ಲ ಊರಿಗೆ ಬಂದವು. ತಳವಾರ ಬರಲಿಲ್ಲ. ತಾಯಿಗೆ ಅವನೊಬ್ಬನೇ ಮಗ. ಅವರ ಸ್ವಂತ ಮನೆಯಲ್ಲಿ ಒಂದು ಕರುವೂ ಇರಲಿಲ್ಲ.

ಊರವರು ಅವನಿಗೆ ವೀರಗಲ್ಲು ನಿಲ್ಲಿಸಬೇಕೆಂದು ಒಟ್ಟಾದರು. ಆ ಊರಲ್ಲಿ ಒಂದು ಪದ್ಧತಿ ಇತ್ತು. ದನಕ್ಕಾಗಿ ಸತ್ತವನ ಕಲ್ಲನ್ನು ಅಗಸೆ ಬಾಗಿಲ ಪಕ್ಕದಲ್ಲಿ ನಿಲ್ಲಿಸಬೇಕು. ನಿಲ್ಲಿಸುವ ದಿನ, ಯಾರ ಯಾರ ದನ ತಿರುಗಿ ಬಂದಿತ್ತೋ ಆ ಮನೆಯ ಹೆಂಗಸರು ಅಂದಿನ ಮೊದಲ ಹಾಲನ್ನು ತಂದು, ಕಲ್ಲಿನಲ್ಲಿ ಕೆತ್ತಿದ ದನದ ಮೇಲೆ ಎರೆಯಬೇಕು. ಹಾಲು ಬಿದ್ದ ಮೇಲೆ ಅದು ವೀರಗಲ್ಲು. ಅಲ್ಲಿಯ ತನಕ ಅದು ಬರೀ ಬಂಡೆ.

ಊರ ಗೌಡ ಇಬ್ಬರು ಶಿಲ್ಪಿಗಳನ್ನು ಕರೆಸಿದ. ಇಬ್ಬರಿಗೂ ಒಂದೊಂದು ಕಲ್ಲು ಕೊಟ್ಟ. ಕಲ್ಲು ಅಗಸೆಯ ಎಡಕ್ಕೆ ನಿಲ್ಲುತ್ತದೆ, ಎದುರು ನಿಂತು ನೋಡುವವರ ಬಲಕ್ಕೆ ಊರು, ಎಡಕ್ಕೆ ಬೆಟ್ಟ ಎಂದು ಮೊದಲೇ ಹೇಳಿದ. ಗೆದ್ದ ಕಲ್ಲು ಅಗಸೆಗೆ, ಸೋತದ್ದು ಹಳ್ಳದ ದಂಡೆಗೆ, ಬಟ್ಟೆ ಒಗೆಯಲು ಎಂದೂ ಹೇಳಿದ. ಗೌಡ ಕಟ್ಟುನಿಟ್ಟಿನ ಮನುಷ್ಯ.

ತೀರ್ಪು ಹೇಳಲು ಪಕ್ಕದ ಊರಿನಿಂದ ಒಬ್ಬ ಪಂಡಿತ ಬಂದ. ಶಿಲ್ಪದ ಗ್ರಂಥಗಳೆಲ್ಲ ಅವನಿಗೆ ಬಾಯಿಪಾಠ. ಒಳ್ಳೆಯ ಮನುಷ್ಯ, ಮುಲಾಜಿಗೆ ಬೀಳುವವನಲ್ಲ. ಆದರೆ ಹೊಡೆದಾಟ ಕೆತ್ತುವ ಶಿಲ್ಪಿಗಳನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ‘ಸಾವಿನ ಮನೆಯಲ್ಲಿ ಕೋಲಾಟ’ ಎಂದು ಮೂಗು ಮುರಿಯುತ್ತಿದ್ದ.

ಬಂದ ದಿನವೇ ಪಂಡಿತ ತಳವಾರನ ತಾಯಿಯನ್ನು ಕಂಡ. ಅವಳು ಅಗಸೆಯ ಕಟ್ಟೆಯ ಮೇಲೆ ಕೂತಿದ್ದಳು. ನಿನ್ನ ಮಗನಿಗೆ ತಕ್ಕ ಕಲ್ಲನ್ನೇ ಆರಿಸುತ್ತೇನೆ ಎಂದು ಅವನು ಮಾತು ಕೊಟ್ಟ.

“ಚಂದ ಇರ್ಲಿ, ಬಿಡ್ಲಿ,” ಎಂದಳು ತಾಯಿ. “ನನ್ನ ಮಗ ಸತ್ತಿದ್ದು ಯಾತಕ್ಕ ಅಂತ ಆ ಕಲ್ಲು ಹೇಳಿದ್ರ ಸಾಕು, ಯಪ್ಪಾ. ನಾ ಹೋದ ಮ್ಯಾಲೆ ಹೇಳವ್ರು ಯಾರೂ ಇಲ್ಲ.”

ಆ ಮಾತನ್ನು ಪಂಡಿತ ಮರೆಯಲಿಲ್ಲ. ಪಾಪ, ಅದನ್ನು ಉಳಿಸಿಕೊಳ್ಳಬೇಕೆಂದೇ ಅವನು ಮುಂದೆ ತಪ್ಪು ಮಾಡಿದ.

ಶಿಲ್ಪಿಗಳಲ್ಲಿ ಒಬ್ಬ ದಢೂತಿ, ಒಬ್ಬ ಸಣಕಲ. ದಢೂತಿಯದು ದೊಡ್ಡ ಗಂಟಲು, ದೊಡ್ಡ ಹೊಟ್ಟೆ. ಯುದ್ಧ ಕೆತ್ತುವುದರಲ್ಲಿ ಹೆಸರಾದವನು. ಮೊದಲ ಎಂಟು ದಿನ ಅವನು ಉಳಿಯನ್ನೇ ಮುಟ್ಟಲಿಲ್ಲ. ಒಂದೊಂದು ದಿನ ಒಂದೊಂದು ಮನೆಯ ಕೊಟ್ಟಿಗೆಯಲ್ಲಿ ಕೂತು, ಹಾಲು ಕರೆಯುವ ಹೆಂಗಸರ ಜೊತೆ ಹರಟೆ ಹೊಡೆಯುತ್ತಿದ್ದ. ಪಂಡಿತನಿಗೆ ರೇಗಿತು. “ಕಲ್ಲು ಕೆತ್ತಲು ಬಂದೆಯೋ, ಮಜ್ಜಿಗೆ ಕುಡಿಯಲು ಬಂದೆಯೋ?” ಎಂದು ಕೇಳಿದ.

“ಎರಡಕ್ಕೂ, ಸ್ವಾಮಿ,” ಎಂದು ಶಿಲ್ಪಿ ಮೀಸೆ ಒರೆಸಿಕೊಂಡ.

ಸಣಕಲ ಶಿಲ್ಪಿ ಹಾಗಲ್ಲ. ಬಂದ ದಿನ ಚಪ್ಪರ ಹೊಕ್ಕವನು ಹೊರಗೆ ತಲೆ ಹಾಕಲಿಲ್ಲ. ಒಪ್ಪೊತ್ತು ಉಣ್ಣುತ್ತಿದ್ದ. ಕೆತ್ತುವಾಗ ಕಣ್ಣೀರು ಒರೆಸಿಕೊಳ್ಳುತ್ತಿದ್ದ. ಪಂಡಿತ ಅದನ್ನು ಕಂಡು ಮನಸ್ಸಿನಲ್ಲೇ ಕೈಮುಗಿದ. ಅರ್ಧ ತೀರ್ಪು ಅಲ್ಲೇ ಆಗಿಹೋಗಿತ್ತು.

ಕಲ್ಲಿನ ಮೇಲಿನ ಬಟ್ಟೆ ತೆಗೆಯುವ ದಿನ ಬಂತು. ಊರೆಲ್ಲ ಅಗಸೆಯ ಮುಂದೆ ಸೇರಿತು.

ಮೊದಲು ದಢೂತಿಯ ಕಲ್ಲು. ಬಟ್ಟೆ ಜಾರಿದ್ದೇ ತಡ, ಗಂಡಸರು ರುಮಾಲು ಬಿಚ್ಚಿ ಮೇಲಕ್ಕೆ ತೂರಿದರು. ತಳವಾರ ಹತ್ತು ಜನರ ನಡುವೆ ನಿಂತಿದ್ದ. ಒಬ್ಬನನ್ನು ಈಟಿಯಲ್ಲಿ ಎತ್ತಿದ್ದ, ಒಬ್ಬನನ್ನು ಕಾಲಿನಲ್ಲಿ ಒತ್ತಿದ್ದ. ಒಂದು ಕುದುರೆ ಮೊಣಕಾಲೂರಿ ಬಿದ್ದಿತ್ತು. ಕಲ್ಲು ಅಲುಗಾಡುತ್ತಿದೆಯೇನೋ ಎನಿಸುವಂತಿತ್ತು. ಪಂಡಿತನ ಎದೆಯೂ ಹಾರಿತು, ತನಗೆ ಗೊತ್ತಿಲ್ಲದೆ ಅವನು ಮುಷ್ಟಿ ಬಿಗಿದಿದ್ದ. ನೋಡಿಕೊಂಡು ನಾಚಿದ. ಸತ್ತವನ ಕಲ್ಲಿನ ಮುಂದೆ ಇದೇನು ಕುಣಿತ ಎಂದು ತನ್ನ ಮೇಲೆ ಬಂದ ಸಿಟ್ಟನ್ನು ಕಲ್ಲಿನ ಮೇಲೆ ತಿರುಗಿಸಿದ. ಹುಡುಕಿದ, ಒಂದು ದೋಷವೂ ಸಿಕ್ಕಿತು. ವೀರನ ದೃಷ್ಟಿ ಶತ್ರುವಿನ ಮೇಲಿರಬೇಕು ಎಂಬುದು ಶಾಸ್ತ್ರ. ಈ ವೀರ ಹಿಂದಕ್ಕೆ ತಿರುಗಿ ನೋಡುತ್ತಿದ್ದ. ಕಲ್ಲಿನ ಕೆಳಗಿನ ಪಟ್ಟಿಯಲ್ಲಿ ಒಂದಿಷ್ಟು ದನಗಳಿದ್ದವು. ಅವನ್ನು ನೋಡಬೇಕಾದರೆ ಬಗ್ಗಬೇಕಿತ್ತು. ಪಂಡಿತ ಬಗ್ಗಲಿಲ್ಲ.

ಆಮೇಲೆ ಸಣಕಲನ ಕಲ್ಲು. ಅದರಲ್ಲಿ ಆಯುಧವೇ ಇರಲಿಲ್ಲ. ನಡುವೆ ತಳವಾರ ಕೈಮುಗಿದು ಮಲಗಿದ್ದ. ಸುತ್ತ ಹೆಂಗಸರು ತಲೆಗೂದಲು ಕೆದರಿಕೊಂಡು ಅಳುತ್ತಿದ್ದರು. ಕೆಳಗೆ ದನಗಳ ಸಾಲು. ಎಲುಬು ಎಣಿಸಬಹುದಾದ ದನಗಳು, ಒಂದೊಂದರ ಕಣ್ಣಿನ ಕೆಳಗೂ ಕಣ್ಣೀರ ಹನಿ. ಯಾರೋ ಬಿಕ್ಕಿದರು. ಇದೇ ತಕ್ಕ ಕಲ್ಲು ಎಂದು ಪಂಡಿತ ಕೈಯೆತ್ತಿ ಸಾರಿದ. ಗೌಡ ತಲೆಯಾಡಿಸಿದ. ದಢೂತಿ ಶಿಲ್ಪಿ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು ಹಿಂದೆ ಸರಿದು ನಿಂತ.

ಹಾಲಿನ ತಂಬಿಗೆ ಹಿಡಿದ ಹೆಂಗಸರು ಮುಂದೆ ಬಂದರು. ಎಲ್ಲರಿಗಿಂತ ಮುಂದೆ ಬಂದವಳು ಒಬ್ಬ ಮುದುಕಿ. ಅವಳು ಸಣಕಲನ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ತಂಬಿಗೆ ಬಗ್ಗಿಸಿದವಳು ಹಾಗೇ ತಡೆದಳು.

“ಇದರಾಗ ನಮ್ಮ ಆಕಳ ಯಾವುದ್ರೀ?” ಎಂದು ಕೇಳಿದಳು.

“ತಾಯೀ, ಅದು ಒಂದು ಆಕಳಲ್ಲ,” ಎಂದ ಸಣಕಲ ಶಿಲ್ಪಿ ಮೆಲ್ಲಗೆ. “ಅದು ಸಕಲ ಗೋವುಗಳ ದುಃಖ.”

“ಸಕಲ ಗೋವು ನಮ್ಮ ಕೊಟ್ಟಿಗ್ಯಾಗ ಇಲ್ರೀ. ನಾ ಕಟ್ಟೋದು ಒಂದ ಕೋಡಿನ ಒಂಟಿಗೋಡೀನ್ನ.” ಮುದುಕಿ ಕಲ್ಲಿಗೆ ಇನ್ನಷ್ಟು ಹತ್ತಿರ ಬಗ್ಗಿದಳು. “ಮತ್ತ ಇವು ಎತ್ತ ಹೊಂಟಾವು? ಊರು ಈ ಕಡೆ ಐತಿ. ಇವು ಬೆಟ್ಟದ ಕಡೆ ಮಾರಿ ಮಾಡ್ಯಾವು. ಇನ್ನೂ ಕಳ್ಳರ ಹಿಂದನ ಹೊಂಟಾವಲ್ರೀ.”

ಪಂಡಿತ ಆಗ ಬಗ್ಗಿ ನೋಡಿದ. ನಿಜ. ಸಾಲಿಗೆ ಸಾಲೇ ಎಡಕ್ಕೆ ಮುಖ ಮಾಡಿತ್ತು. ಅಳುವ ಹೆಂಗಸರು ಬಲಕ್ಕೆ ವಾಲಿದ್ದರಿಂದ ದನ ಎಡಕ್ಕಿದ್ದರೆ ಒಪ್ಪ ಎಂದು ಶಿಲ್ಪಿ ಹಾಗೆ ಕೆತ್ತಿದ್ದ. ಗೌಡ ಹೇಳಿದ್ದು ಅಳುವ ಭರದಲ್ಲಿ ಅವನಿಗೆ ಮರೆತೇಹೋಗಿತ್ತು. ಆ ಕಲ್ಲಿನಲ್ಲಿ ದನ ತಿರುಗಿ ಬಂದೇ ಇರಲಿಲ್ಲ. ತಳವಾರ ಸತ್ತದ್ದು ಯಾತಕ್ಕೆ ಎಂದು ಕೇಳಿದರೆ ಆ ಕಲ್ಲಿನ ಬಳಿ ಕಣ್ಣೀರು ಬಿಟ್ಟರೆ ಬೇರೆ ಉತ್ತರ ಇರಲಿಲ್ಲ.

ಮುದುಕಿ ಎದ್ದಳು. ತಂಬಿಗೆ ಹಿಡಿದು ದಢೂತಿಯ ಕಲ್ಲಿನ ಕಡೆಗೆ ನಡೆದಳು. ಮೇಲೆ ನಡೆಯುತ್ತಿದ್ದ ಯುದ್ಧವನ್ನು ಕಣ್ಣೆತ್ತಿ ಸಹ ನೋಡದೆ ನೆಲಕ್ಕೆ ಕೂತು ಕೆಳಗಿನ ಪಟ್ಟಿಯ ಮೇಲೆ ಕೈಯಾಡಿಸಿದಳು.

“ಇಲ್ಲೈತಿ ನಮ್ಮ ಒಂಟಿಗೋಡಿ,” ಎಂದಳು. ಹಾಲು ಎರೆದಳು.

ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಬಂದರು. ಒಬ್ಬಳಿಗೆ ತನ್ನ ಕಿವಿ ಹರಿದ ಕಪಿಲೆ ಸಿಕ್ಕಿತು. ಒಬ್ಬಳಿಗೆ ಕರುವನ್ನು ಬಿಟ್ಟು ಹೆಜ್ಜೆ ಇಡದ ತನ್ನ ಕರಿಯಾಕಳು ಸಿಕ್ಕಿತು. ಅದು ಕಲ್ಲಿನಲ್ಲೂ ಕತ್ತು ತಿರುಗಿಸಿ ಕರುವನ್ನು ನೆಕ್ಕುತ್ತಲೇ ನಡೆದಿತ್ತು. ಎಲ್ಲರ ಸಾಲು ಮುರಿದು ನುಗ್ಗುವ ಗೌಡನ ಪುಂಡ ಹೋರಿ ಎಲ್ಲಿ ಎಂದು ಹುಡುಕಿದರೆ, ಅದು ಆಗಲೇ ಕಲ್ಲಿನ ಬಲದಂಚಿನ ಅಗಸೆಯೊಳಗೆ ಅರ್ಧ ಹೊಕ್ಕಿತ್ತು, ಹಿಂಭಾಗ ಮಾತ್ರ ಕಾಣುತ್ತಿತ್ತು. ಕಟ್ಟುನಿಟ್ಟಿನ ಗೌಡ ಮೊದಲ ಸಲ ಬಾಯಿತುಂಬ ನಕ್ಕ. ಎಲ್ಲ ದನಗಳ ಮುಖವೂ ಊರ ಕಡೆಗಿತ್ತು. ಹಾಲು ಅವುಗಳ ಬೆನ್ನ ಮೇಲೆ ಹರಿದು, ಗೊರಸಿನ ಬಳಿ ನಿಂತು, ನೆಲಕ್ಕಿಳಿಯಿತು.

ಪಂಡಿತ ಓದಿದ ಗ್ರಂಥಗಳಲ್ಲಿ ಒಂದೂ ಅವನ ನೆರವಿಗೆ ಬರಲಿಲ್ಲ. ಕೊನೆಗೆ ಅವನು ದಢೂತಿ ಶಿಲ್ಪಿಯನ್ನು ಕೇಳಿದ. “ದನ ಇಷ್ಟು ಚೆನ್ನಾಗಿ ಕೆತ್ತಬಲ್ಲವನು ಮೇಲೆ ಅಷ್ಟು ದೊಡ್ಡ ಹೊಡೆದಾಟ ಯಾಕಪ್ಪಾ ಕೆತ್ತಿದೆ?”

“ದನವನ್ನೇ ಮೊದಲು ಕೆತ್ತಿದೆ, ಸ್ವಾಮಿ,” ಎಂದ ದಢೂತಿ. “ಇವನ್ನು ಕಳ್ಳರ ಕೈಯಿಂದ ಬಿಡಿಸಿ ತರಲು ಎಷ್ಟು ಬಲ ಬೇಕಾಗುತ್ತದೆ ಎಂದು ಆಮೇಲೆ ಲೆಕ್ಕ ಹಾಕಿದೆ. ಅಷ್ಟೇ ಕೆತ್ತಿದ್ದೇನೆ. ಒಂದು ಏಟೂ ಹೆಚ್ಚಿಗಿಲ್ಲ.”

ಆಗ ತಳವಾರನ ತಾಯಿ ಬಂದಳು. ಜನ ದಾರಿ ಬಿಟ್ಟರು. ಅವಳ ಕೈಯಲ್ಲಿ ತಂಬಿಗೆ ಇತ್ತು, ತಂಬಿಗೆಯಲ್ಲಿ ಹಾಲಿರಲಿಲ್ಲ. ಅವಳು ಕಲ್ಲಿನಲ್ಲಿದ್ದ ಮಗನ ಮುಖವನ್ನು ನೋಡುತ್ತಾ ನಿಂತಳು. ಪಂಡಿತನಿಗೆ ತಾನು ಕೊಟ್ಟ ಮಾತು ನೆನಪಾಯಿತು. ಉಳಿದದ್ದನ್ನೂ ಹೇಳಿಬಿಡುವುದು ಧರ್ಮ ಎಂದುಕೊಂಡ.

“ತಾಯೀ, ಇದರಲ್ಲಿ ಒಂದು ದೋಷವಿದೆ,” ಎಂದ. “ನಿನ್ನ ಮಗ ಶತ್ರುವನ್ನು ನೋಡುತ್ತಿಲ್ಲ. ಹಿಂದಕ್ಕೆ ತಿರುಗಿದ್ದಾನೆ.”

ತಾಯಿ ಮಗನ ಕಣ್ಣಿನ ಮೇಲೆ ಬೆರಳಿಟ್ಟಳು. ಆ ಕಣ್ಣು ನೋಡುವ ದಿಕ್ಕಿನಲ್ಲೇ ಬೆರಳನ್ನು ಸರಿಸುತ್ತಾ ಬಂದಳು. ಬೆರಳು ಈಟಿಗಳನ್ನು ದಾಟಿತು, ಬಿದ್ದ ಕುದುರೆಯನ್ನು ದಾಟಿತು, ಕೆಳಗಿನ ಪಟ್ಟಿಗೆ ಇಳಿಯಿತು. ಎಲ್ಲಕ್ಕಿಂತ ಹಿಂದೆ ಬಿದ್ದಿದ್ದ ಒಂದು ಬಡಕಲು ಆಕಳ ಮೇಲೆ ಹೋಗಿ ನಿಂತಿತು.

“ದೋಷ ಅಲ್ರೀ, ಯಪ್ಪಾ,” ಎಂದಳು. “ಕಡೀ ಆಕಳ ದಾಟಿತೇನು ಅಂತ ನೋಡಾಕತ್ತಾನ.”

ಆಮೇಲೆ ಅವಳು ಅತ್ತಳು. ಮಗ ಸತ್ತ ದಿನ ಅಳದವಳು ಅಂದು ಮನಸಾರೆ ಅತ್ತಳು, ಅಳುತ್ತಲೇ ನಕ್ಕಳು. ಒಂಟಿಗೋಡಿಯ ಮುದುಕಿ ತನ್ನ ತಂಬಿಗೆಯ ತಳದಲ್ಲಿ ಉಳಿದಿದ್ದ ಹಾಲನ್ನು ತಾಯಿಯ ತಂಬಿಗೆಗೆ ಬಗ್ಗಿಸಿದಳು. ಅದನ್ನು ಕಂಡು ಇನ್ನೊಬ್ಬಳು ಬಗ್ಗಿಸಿದಳು. ಒಬ್ಬೊಬ್ಬರು ಒಂದೊಂದು ಗುಟುಕು ಬಗ್ಗಿಸುತ್ತಾ ಹೋದರು, ಮನೆಯಲ್ಲಿ ಒಂದು ಕರುವೂ ಇಲ್ಲದವಳ ತಂಬಿಗೆ ಅಂಚಿನ ತನಕ ತುಂಬಿತು. ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿ ಮಗನ ತಲೆಯ ಮೇಲೆ ಸುರಿದಳು.

ಪಂಡಿತ ಎಲ್ಲರೆದುರು ತನ್ನ ತೀರ್ಪನ್ನು ಹಿಂದಕ್ಕೆ ಪಡೆದ. “ನಾನು ಕತ್ತೆತ್ತಿ ನೋಡಿದೆ. ಬಗ್ಗಿ ನೋಡಲಿಲ್ಲ,” ಎಂದ. ಅಷ್ಟು ಹೇಳಿ, ಹೆಗಲ ಮೇಲಿನ ಶಲ್ಯವನ್ನು ಸೊಂಟಕ್ಕೆ ಬಿಗಿದು, ಕಲ್ಲು ಎಳೆಯುವ ಹಗ್ಗಕ್ಕೆ ತಾನೂ ಕೈ ಹಾಕಿದ. ಡೊಳ್ಳು ಬಡಿದರು, ಹಲಗೆ ಬಡಿದರು. ಇಡೀ ಊರು ಒಂದೇ ಉಸಿರಿಗೆ ಎಳೆಯಿತು. ಕಲ್ಲು ಅಗಸೆಯ ಎಡಕ್ಕೆ ನೆಟ್ಟಗೆ ನಿಂತಿತು. ಎಳೆದವರ ಅಂಗೈ ಕಿತ್ತುಹೋಗಿದ್ದರೂ ಯಾರೂ ಅದನ್ನು ನೋಡಿಕೊಳ್ಳಲಿಲ್ಲ.

ಸಂಜೆ ದನ ಮೇದು ಬಂದವು. ಒಂಟಿಗೋಡಿ ಅಗಸೆಯ ಬಳಿ ನಿಂತು, ಕಲ್ಲಿನ ಮೇಲೆ ಉಳಿದಿದ್ದ ಹಾಲನ್ನು ನೆಕ್ಕಿ, ಒಳಗೆ ಹೋಯಿತು.

ಸೋತ ಕಲ್ಲನ್ನು ಹಳ್ಳಕ್ಕೆ ಸಾಗಿಸಲು ಆಳುಗಳು ಬಂದಾಗ ಸಣಕಲ ಶಿಲ್ಪಿ ಅಡ್ಡ ನಿಂತ. “ಹಿಂಬದಿ ಖಾಲಿ ಇದೆ,” ಎಂದ. ಮಾರನೆಯ ಬೆಳಿಗ್ಗೆ ಅವನೂ ಒಂದು ಕೊಟ್ಟಿಗೆಯಲ್ಲಿ ಮಜ್ಜಿಗೆ ಕುಡಿಯುತ್ತಾ ಕೂತಿದ್ದ. ಪಂಡಿತ ಪಕ್ಕದಲ್ಲಿ ಕೂತು ಎರಡನೆಯ ಲೋಟ ಕೇಳುತ್ತಿದ್ದ.

ಅಜ್ಜಾರು ಇಲ್ಲಿಗೆ ಕತೆ ನಿಲ್ಲಿಸಿದರು. ಇಂದುಧರ ಜೇಬಿನಿಂದ ಎರಡೂ ಹಾಳೆಗಳನ್ನು ಹೊರತೆಗೆದ. ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ. ಹೊಗಳಿಕೆಯ ಹಾಳೆಯಲ್ಲಿ ಬರೀ ನಾಯಕನಿದ್ದ. ತೆಗಳಿಕೆಯ ಹಾಳೆಯಲ್ಲೂ ಬರೀ ನಾಯಕನಿದ್ದ. ಎರಡನ್ನೂ ಮಡಚಿ ಮೊಣಕಾಲ ಕೆಳಗೆ ಇಟ್ಟುಕೊಂಡ.

“ಹಾಗಾದರೆ ಅಜ್ಜಾರೇ, ನಾನು ಹಾಕಿದ ಸಿಳ್ಳೆ?” ಎಂದು ಕೇಳಿದ.

“ಅದಿರಲಿ, ತಮ್ಮಾ,” ಎಂದರು ಅಜ್ಜಾರು. “ಎಳೆದಿದ್ದಾರೆ ಅಂದೆಯಲ್ಲ ಆ ಕಾಲು ಗಂಟೆ, ಅದರಲ್ಲಿ ನಿಮ್ಮ ಅವ್ವ ಯಾವ ಊರಲ್ಲಿ ಇಳಿದಳು?”

ಬಾಗಿಲು ಗುರುತು ಸಿಗದೆ ನಿಂತ ಆ ಹೆಂಗಸಿನ ಅಂಗೈಗೆ ಸುತ್ತಿದ್ದ ಸೀರೆಯ ಚೂರು ಇಂದುಧರನ ಕಣ್ಣಿಗೆ ಕಟ್ಟಿತು.